ತುಮಕೂರು: ಎಂ.ಎಸ್ಸಿ. ಕೊನೆಯ ವರ್ಷದ ಒತ್ತಡದಲ್ಲಿ ಎದೆಗುಂದದೆ ಓದುವುದು ಹೇಗೆ?

ಪ್ರಶ್ನೆ: ಮಧುಗಿರಿ ಸೀಮೆಯ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನಲ್ಲಿ ಎಂ.ಎಸ್ಸಿ. ರಸಾಯನಶಾಸ್ತ್ರ ಓದುತ್ತಿದ್ದು, ಈಗ ಮೂರನೇ ಸೆಮಿಸ್ಟರ್ ನಡೆಯುತ್ತಿದೆ. ಮಧುಗಿರಿ ತಾಲ್ಲೂಕಿನ ಹಳ್ಳಿಯವಳು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತು, ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡು, ಬಿ.ಎಸ್ಸಿ.ಯನ್ನು ತಾಲ್ಲೂಕು ಕೇಂದ್ರದಲ್ಲಿಯೇ ಸಿಬಿಜೆಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ವಿಷಯಗಳೊಂದಿಗೆ ಮುಗಿಸಿದೆ. ನಮ್ಮ ಮನೆತನದಲ್ಲಿ ಪದವಿಯಿಂದಾಚೆಗೆ ಓದಲು ಹೊರಟವಳು ನಾನೇ ಮೊದಲಿಗಳು. ಅಪ್ಪ ಮಳೆ ನಂಬಿದ ಹೊಲದಲ್ಲಿ ಕಡಲೆಕಾಯಿ, ರಾಗಿ ಬೆಳೆಯುತ್ತಾರೆ. ಅಮ್ಮ ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾರೆ. ತಮ್ಮ ದ್ವಿತೀಯ ಪಿಯುಸಿಯಲ್ಲಿದ್ದಾನೆ.

ನನ್ನ ತೊಂದರೆಯನ್ನು ಇದ್ದಂತೆಯೇ ಹೇಳುತ್ತೇನೆ. ಬಿ.ಎಸ್ಸಿ.ಯಲ್ಲಿ ನಾನು ತರಗತಿಯ ಮೊದಲ ಕೆಲವರಲ್ಲಿ ಒಬ್ಬಳಾಗಿದ್ದೆ. ಇಲ್ಲಿಗೆ ಬಂದ ಮೇಲೆ ಕ್ವಾಂಟಮ್ ರಸಾಯನಶಾಸ್ತ್ರ, ಗ್ರೂಪ್ ಥಿಯರಿ (ಅಣುಗಳ ಸಮ್ಮಿತಿಯ ಗಣಿತ), ಸ್ಪೆಕ್ಟ್ರೋಸ್ಕೋಪಿ (ಅಣುಗಳು ಬೆಳಕನ್ನು ಹೀರುವ ಬಗೆಯ ಅಧ್ಯಯನ) ಒಂದರ ಹಿಂದೆ ಒಂದು ಬಂದವು. ಅಧ್ಯಾಪಕರು ಹೇಳುವಾಗ ಅರ್ಥವಾದಂತೆ ಅನ್ನಿಸುತ್ತದೆ. ಅದನ್ನೇ ರಾತ್ರಿ ಬರೆಯಲು ಕುಳಿತರೆ ಎರಡನೇ ಸಾಲಿಗೆ ಕೈ ನಿಂತುಬಿಡುತ್ತದೆ. ಇದುವರೆಗೆ ಯಾವ ಪತ್ರಿಕೆಯಲ್ಲೂ ಅನುತ್ತೀರ್ಣಳಾಗಿಲ್ಲ, ಆದರೆ ಅಂಕಗಳು ಪ್ರತಿ ಸೆಮಿಸ್ಟರಿಗೂ ಇಳಿಯುತ್ತಿವೆ. ಬೆಂಗಳೂರಿನ ಕಾಲೇಜುಗಳಿಂದ ಬಂದ ಸಹಪಾಠಿಗಳು ಸೆಮಿನಾರಿನಲ್ಲಿ ಇಂಗ್ಲಿಷಿನಲ್ಲಿ ತಡವರಿಸದೆ ಮಾತನಾಡುವುದನ್ನು ಕೇಳುತ್ತಾ ಕುಳಿತಾಗ, ಈ ಸೀಟು ನನಗೆ ಕಣ್ತಪ್ಪಿನಿಂದ ಸಿಕ್ಕಿರಬೇಕು, ಇಂದಲ್ಲ ನಾಳೆ ಯಾರಾದರೂ ಅದನ್ನು ಕಂಡುಹಿಡಿಯುತ್ತಾರೆ ಎಂಬ ಭಯವಾಗುತ್ತದೆ.

ದಿನವೂ ಬೆಳಿಗ್ಗೆ ಆರಕ್ಕೆ ಮುಂಚೆ ಮನೆ ಬಿಟ್ಟು, ಮಧುಗಿರಿಯಲ್ಲಿ ಬಸ್ಸು ಬದಲಿಸಿ, ಕೊರಟಗೆರೆಯ ಮೇಲೆ ತುಮಕೂರು ತಲುಪುತ್ತೇನೆ. ಲ್ಯಾಬ್ ಇರುವ ದಿನ ಹೊರಡುವಾಗಲೇ ಐದು ಗಂಟೆಯಾಗಿರುತ್ತದೆ. ಮನೆ ಸೇರುವಾಗ ಕತ್ತಲಾಗಿ ಬಹಳ ಹೊತ್ತು ಕಳೆದಿರುತ್ತದೆ. ಆಮೇಲೆ ರೆಕಾರ್ಡ್ ಬರೆಯಬೇಕು, ಅಮ್ಮನಿಗೆ ಕೈ ಜೋಡಿಸಬೇಕು. ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚಿಲ್ಲದ ಕಾರಣ, ಹಾಸ್ಟೆಲ್ ಏಕೆ ಬೇಕು ಎಂದು ಮನೆಯಲ್ಲಿ ಕೇಳುತ್ತಾರೆ. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಿಲ್ಲ. ಸೋದರಮಾವ ಒಂದು ಸಂಬಂಧ ತಂದಿದ್ದಾರೆ. ಅಪ್ಪ "ಓದು ಮುಗಿಯಲಿ" ಎಂದು ಇನ್ನೂ ಗಟ್ಟಿಯಾಗಿ ನಿಂತಿದ್ದಾರೆ. ಅವರು ಹಾಗೆ ನಿಂತಿರುವುದೇ ನನ್ನ ಮೇಲಿನ ದೊಡ್ಡ ಭಾರವಾಗಿದೆ, ಏಕೆಂದರೆ ಫಲಿತಾಂಶ ಕೆಟ್ಟರೆ ತಲೆ ತಗ್ಗಿಸಬೇಕಾದವರು ಅವರು.

ಸಮಾಧಾನದ ಮಾತಿಗಿಂತ ದಾರಿ ತೋರಿಸುವ ಮಾತು ಬೇಕೆಂದು ಕೇಳುತ್ತಿದ್ದೇನೆ. ಇಂತಹ ವರ್ಷವನ್ನು ದಾಟಿದವರು ಓದನ್ನು ಹೇಗೆ ಹೊಂದಿಸಿಕೊಂಡಿರಿ? ಇಲ್ಲಿಗೇ ಬಿಟ್ಟು ಬಿ.ಎಡ್. ಸೇರುವುದು ಜಾಣತನವೇ? ಇತ್ತೀಚೆಗೆ ಭಾನುವಾರವೂ ಏಳಲು ಮನಸ್ಸಾಗುವುದಿಲ್ಲ, ಗೆಳತಿಯರೊಂದಿಗೆ ಮಾತು ಬೇಡವೆನ್ನಿಸುತ್ತದೆ; ಇದು ಬರೀ ದಣಿವೋ ಅಥವಾ ಯಾರಿಗಾದರೂ ತೋರಿಸಬೇಕಾದ ವಿಷಯವೋ ಎಂಬುದನ್ನೂ ತಿಳಿದವರು ಹೇಳಬೇಕು.

ಉತ್ತರ: ಕೋಲಾರದ ನಿವೃತ್ತ ಉಪನ್ಯಾಸಕ

ತಾಯೀ, ನಿಮ್ಮ ಬರಹವನ್ನು ಗಮನವಿಟ್ಟು ಓದಿದೆ. ಕೋಲಾರದಲ್ಲಿ ಬಹುಕಾಲ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಭೌತ ರಸಾಯನಶಾಸ್ತ್ರ ಕಲಿಸಿದವನು ನಾನು. ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆಯ ಹಳ್ಳಿಗಳಿಂದ ನಿಮ್ಮಂತೆಯೇ ಬಂದ ಮಕ್ಕಳನ್ನು ವರ್ಷ ವರ್ಷವೂ ನೋಡಿದ್ದೇನೆ. ನೀವು ಸಿಬಿಜೆಡ್ ಎಂದು ಬರೆದಿರುವುದರಲ್ಲಿಯೇ ಅರ್ಧ ಉತ್ತರವಿದೆ. ಪದವಿಯ ಮೂರು ವರ್ಷ ಗಣಿತವನ್ನು ಮುಟ್ಟದೆ ಬಂದವರಿಗೆ ಕ್ವಾಂಟಮ್ ರಸಾಯನಶಾಸ್ತ್ರ ಕಷ್ಟವಾಗುವುದು ಸಹಜ. ಅದನ್ನು ನಿಮ್ಮ ಯೋಗ್ಯತೆಯ ಅಳತೆ ಎಂದು ತಿಳಿಯಬೇಡಿ. ಬೇಕಾಗಿರುವ ಗಣಿತವೂ ಅಗಾಧವಾದದ್ದೇನಲ್ಲ. ಎರಡನೇ ದರ್ಜೆಯ ಸರಳ ಅವಕಲ ಸಮೀಕರಣ, ಸೈನ್ ಮತ್ತು ಕೊಸೈನ್‌ಗಳ ಅನುಕಲನ, ಸಣ್ಣ ಡಿಟರ್ಮಿನೆಂಟು, ಮ್ಯಾಟ್ರಿಕ್ಸ್ ಗುಣಾಕಾರ, ಇಷ್ಟು ಕೈಗೆ ಹತ್ತಿದರೆ ಪಠ್ಯದ ಬಹುಭಾಗ ತೆರೆದುಕೊಳ್ಳುತ್ತದೆ. ನಿಮ್ಮ ತಮ್ಮ ದ್ವಿತೀಯ ಪಿಯುಸಿಯಲ್ಲಿದ್ದಾನೆಂದು ಬರೆದಿದ್ದೀರಿ. ಅವನದು ವಿಜ್ಞಾನವಾಗಿದ್ದರೆ ಅವನ ಗಣಿತ ಪುಸ್ತಕವೇ ನಿಮಗೆ ಬಹುಮಟ್ಟಿಗೆ ಸಾಕು. ಅವನ ಜೊತೆ ಕುಳಿತು ಮಾಡಿದರೆ ಇಬ್ಬರಿಗೂ ಲಾಭ.

ನಂತರ "ಪೆಟ್ಟಿಗೆಯೊಳಗಿನ ಕಣ" ಎಂಬ ಒಂದೇ ಲೆಕ್ಕವನ್ನು ಪುಸ್ತಕ ಮುಚ್ಚಿ, ಆರಂಭದಿಂದ ಕೊನೆಯವರೆಗೆ ಬರೆಯುವಷ್ಟು ಕಲಿಯಿರಿ. ಶಕ್ತಿಮಟ್ಟಗಳು ಕ್ವಾಂಟಮ್ ಸಂಖ್ಯೆಯ ವರ್ಗಕ್ಕೆ ಅನುಪಾತದಲ್ಲಿ ಏರುತ್ತವೆ. ಪೆಟ್ಟಿಗೆಯ ಉದ್ದವನ್ನು ಇಮ್ಮಡಿ ಮಾಡಿದರೆ ಪ್ರತಿ ಮಟ್ಟದ ಶಕ್ತಿ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಈ ಮಾತು ಲೆಕ್ಕದಲ್ಲಿಯೇ ಉಳಿದರೆ ಮರೆತುಹೋಗುತ್ತದೆ, ಆದ್ದರಿಂದ ಕ್ಯಾರೆಟ್ಟಿಗೆ ಬನ್ನಿ. ಅದರಲ್ಲಿರುವ ಬೀಟಾ ಕ್ಯಾರೋಟಿನ್ ಅಣುವಿನಲ್ಲಿ ಒಂದು ಬಿಟ್ಟು ಒಂದರಂತೆ 11 ದ್ವಿಬಂಧಗಳ ಸರಪಳಿ ಇದೆ. ಸರಪಳಿ ಅಷ್ಟು ಉದ್ದವಾಗಿರುವುದರಿಂದ ಮೇಲಿನ ಮತ್ತು ಕೆಳಗಿನ ಮಟ್ಟಗಳ ಅಂತರ ಕಿರಿದಾಗಿ, ಅಣುವು ಕಣ್ಣಿಗೆ ಕಾಣುವ ನೀಲಿ ಬೆಳಕನ್ನೇ ಹೀರುತ್ತದೆ. ಉಳಿದ ಬೆಳಕು ನಮಗೆ ಕಿತ್ತಳೆಯಾಗಿ ಕಾಣುತ್ತದೆ. ಕ್ವಾಂಟಮ್ ಲೆಕ್ಕವೂ ಸ್ಪೆಕ್ಟ್ರೋಸ್ಕೋಪಿಯೂ ಸಾವಯವ ರಸಾಯನಶಾಸ್ತ್ರವೂ ಒಂದೇ ತರಕಾರಿಯಲ್ಲಿ ಕೂಡುವುದನ್ನು ಒಮ್ಮೆ ಕಂಡ ವಿದ್ಯಾರ್ಥಿಗೆ ಪತ್ರಿಕೆಗಳು ಬೇರೆ ಬೇರೆ ಹೊರೆಗಳಾಗಿ ಕಾಣುವುದು ಕಡಿಮೆಯಾಗುತ್ತದೆ. ಗ್ರೂಪ್ ಥಿಯರಿಯನ್ನೂ ಹೀಗೆಯೇ ನೀರಿನ ಅಣುವಿನಿಂದ ಆರಂಭಿಸಿ. ಅದಕ್ಕೆ ನಾಲ್ಕೇ ಸಮ್ಮಿತಿ ಕ್ರಿಯೆಗಳಿವೆ, ಅಂದರೆ ಮಾಡಿದ ಮೇಲೂ ಅಣು ಮೊದಲಿನಂತೆಯೇ ಕಾಣುವ ಕ್ರಿಯೆಗಳು. ಕಡ್ಡಿ ಮತ್ತು ಮಣ್ಣಿನ ಉಂಡೆಯಿಂದ ಅಣು ಮಾಡಿ ಕೈಯಲ್ಲಿ ತಿರುಗಿಸಿ ನೋಡಿ. ಅಮೋನಿಯಕ್ಕೆ ಆರು. ಈ ಎರಡು ಅಣುಗಳ ಕ್ಯಾರೆಕ್ಟರ್ ಟೇಬಲ್ (ಸಮ್ಮಿತಿಯನ್ನು ಅಂಕಿಗಳಲ್ಲಿ ತೋರಿಸುವ ಕೋಷ್ಟಕ) ಅನ್ನು ಸ್ವಂತವಾಗಿ ಕಟ್ಟಿದ ಮೇಲೆ ಮುಂದಿನದಕ್ಕೆ ಹೋಗಿ.

ಅರ್ಥವಾದಂತೆ ಅನ್ನಿಸಿ ಬರೆಯಲು ಬಾರದಿರುವುದಕ್ಕೆ ಕಾರಣ ಓದುವ ಕ್ರಮದಲ್ಲಿದೆ. ಓದಿದ್ದನ್ನೇ ಮತ್ತೆ ಓದುವುದಕ್ಕಿಂತ ಪುಸ್ತಕ ಮುಚ್ಚಿ ನೆನಪಿನಿಂದ ಬರೆಯುವುದು ಮೇಲು. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಇದನ್ನು ಪರೀಕ್ಷಿಸಿದರು. ಐದು ನಿಮಿಷದ ನಂತರ ಕೇಳಿದಾಗ ಮರಳಿ ಓದಿದವರೇ ಮುಂದಿದ್ದರು. ಒಂದು ವಾರ ಕಳೆದು ಕೇಳಿದಾಗ ಮರಳಿ ಓದಿದವರಿಗೆ ಸುಮಾರು ಶೇ. 42ರಷ್ಟು ನೆನಪಿದ್ದರೆ, ನೆನಪಿನಿಂದ ಬರೆದು ಅಭ್ಯಾಸ ಮಾಡಿದವರಿಗೆ ಸುಮಾರು ಶೇ. 56ರಷ್ಟು ನೆನಪಿತ್ತು. ಬಸ್ಸಿನಲ್ಲಿ ಬರೆಯಲಾಗದು, ಆದರೆ ಆ ದಿನದ ಪಾಠವನ್ನು ಕಣ್ಣು ಮುಚ್ಚಿ ಮನಸ್ಸಿನಲ್ಲಿಯೇ ಹಂತ ಹಂತವಾಗಿ ಹೇಳಿಕೊಳ್ಳಬಹುದು. ಅದನ್ನು ಕನ್ನಡದಲ್ಲಿಯೇ ಹೇಳಿಕೊಳ್ಳಿ. ವಾದ ಕನ್ನಡದಲ್ಲಿ ಗಟ್ಟಿಯಾದ ಮೇಲೆ ಇಂಗ್ಲಿಷಿನಲ್ಲಿ ಬರೆಯಲು ಬೇಕಾಗುವುದು ಪಾರಿಭಾಷಿಕ ಪದಗಳು ಮತ್ತು ಕೆಲವು ವಾಕ್ಯದ ಅಚ್ಚುಗಳು ಮಾತ್ರ. ಸೆಮಿನಾರಿಗೂ ಇದೇ ಕ್ರಮ ಸಲ್ಲುತ್ತದೆ. ಸಾಧ್ಯವಾದರೆ ಬೆಳಗಿನ ನಾಲ್ಕಕ್ಕೆ ಎದ್ದು ಬರೆಯುವ ಅಭ್ಯಾಸವಿರಲಿ. ಆ ಹೊತ್ತಿನಲ್ಲಿ ಮನಸ್ಸು ತಿಳಿಯಾಗಿರುತ್ತದೆ.

ಉತ್ತರ: ಶಿಡ್ಲಘಟ್ಟದ ಅಕ್ಕ

ತಂಗಿ, ನಾನು ಅರ್ಥಶಾಸ್ತ್ರದ ವಿದ್ಯಾರ್ಥಿನಿಯಾಗಿದ್ದವಳು, ಹಾಗಾಗಿ ನಿನ್ನ ಅಣುಗಳ ಬಗ್ಗೆ ಮೇಷ್ಟ್ರು ಹೇಳಿದ್ದಕ್ಕೆ ಸೇರಿಸಲು ನನ್ನಲ್ಲಿ ಏನೂ ಇಲ್ಲ. ಮನೆಯ ವಿಷಯ ಹೇಳುತ್ತೇನೆ, ಏಕೆಂದರೆ ನಾನೂ ಮನೆಯಿಂದಲೇ ಓಡಾಡಿಕೊಂಡು ಎಂ.ಎ. ಮಾಡಿದವಳು.

ನಮ್ಮದು ರೇಷ್ಮೆ ಮನೆ. ನಾಲ್ಕನೇ ಜ್ವರ (ಹುಳು ಪೊರೆ ಕಳಚುವ ಹಂತ) ಎದ್ದ ಮೇಲೆ ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುವವರೆಗಿನ ಏಳೆಂಟು ದಿನ ಮನೆಯಲ್ಲಿ ಯಾರಿಗೂ ನಿದ್ದೆಯಿರುವುದಿಲ್ಲ. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲನ್ನು ಆ ಕಡೆಯ ಹಂತದಲ್ಲಿಯೇ ತಿನ್ನುತ್ತದೆ. ಹೊತ್ತು ತಪ್ಪಿಸಿದರೆ ಗೂಡು ತೂಕ ಬರುವುದಿಲ್ಲ. ನನ್ನ ಇಂಟರ್ನಲ್ಸ್ ಆ ದಿನಗಳಿಗೇ ಬಂದು ಬೀಳುತ್ತಿತ್ತು. ಹಣ್ಣು ಹುಳು ಆರಿಸಿ ಗೂಡು ಕಟ್ಟಲು ಚಂದ್ರಿಕೆ ತಟ್ಟೆಗೆ ಬಿಡುವ ರಾತ್ರಿ, ನಾಳೆ ಪರೀಕ್ಷೆಯಿದೆ ಎಂದು ಅಮ್ಮನಿಗೆ ಹೇಳುವುದು ಹೇಗೆ? ಅಲ್ಲಿ ಒಳಗೊಳಗೇ ಕುದಿಯುವುದನ್ನು ಬಿಟ್ಟು, ಸೆಮಿಸ್ಟರ್ ಆರಂಭದಲ್ಲಿಯೇ ಪರೀಕ್ಷೆಯ ದಿನಾಂಕಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಅಪ್ಪನ ಮುಂದಿಟ್ಟೆ. ಚಾಕಿ, ಅಂದರೆ ಎಳೆ ಹುಳು ತರುವ ದಿನವನ್ನು ಅಪ್ಪ ಒಂದೆರಡು ವಾರ ಹಿಂದೆ ಮುಂದೆ ಮಾಡಿದರು. ಅದೂ ಆಗದಿದ್ದಾಗ ಚಿಕ್ಕಮ್ಮನ ಮನೆಯವರನ್ನು ಮುಯ್ಯಾಳಾಗಿ ಕರೆದೆವು. ಅವರ ಹುಳು ಹಣ್ಣಾದಾಗ ನಾನು ಹೋಗಿ ದುಡಿದು ಮುಯ್ಯಿ ತೀರಿಸಿದೆ. ನಿನ್ನ ಅಪ್ಪ ಅಮ್ಮನಿಗೆ ನಿನ್ನ ವರ್ಷ ಹೇಗಿದೆ ಎಂಬುದು ಕಣ್ಣಿಗೆ ಕಾಣುವಂತೆ ತಿಳಿದಿದೆಯೇ? ಲ್ಯಾಬ್ ಎಂದರೆ ಏನು, ರೆಕಾರ್ಡ್ ಎಂದರೆ ಏನು, ಪ್ರಾಜೆಕ್ಟಿಗೆ ಎಷ್ಟು ತಿಂಗಳು ಬೇಕು ಎಂಬುದನ್ನು ಅವರ ಬಳಿ ಕುಳಿತು ಹೇಳು. ಹೊಲದ ಕೆಲಸವನ್ನು ಕಾಲಕ್ಕೆ ಹೊಂದಿಸುವುದನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಬಲ್ಲವರು ಅವರು. ಅಪ್ಪ ಸೋದರಮಾವನ ಎದುರು ನಿಂತಿದ್ದಾರೆಂದರೆ ನಿನ್ನ ಅಂಕಪಟ್ಟಿಯನ್ನು ನಂಬಿ ನಿಂತವರಲ್ಲ, ನಿನ್ನನ್ನು ನಂಬಿದವರು. ಅವರಿಗೆ ನಿಜ ಹೇಳಿದರೆ ನಿನ್ನ ಎದೆಯ ಭಾರ ಇಳಿಯುತ್ತದೆ, ಅವರಿಗೂ ಮಾತನಾಡಲು ಬಲ ಬರುತ್ತದೆ.

ಓದಿನಲ್ಲಿಯೂ ನನಗೆ ಮುಯ್ಯಿಯೇ ಕೈ ಹಿಡಿಯಿತು. ನನಗೆ ಸಂಖ್ಯಾಶಾಸ್ತ್ರ ಸಲೀಸು, ಇಂಗ್ಲಿಷ್ ಕಷ್ಟ. ಬೆಂಗಳೂರಿನಿಂದ ಬರುತ್ತಿದ್ದ ಗೆಳತಿಗೆ ಅದು ತಿರುವುಮುರುವು. ಊಟದ ಬಿಡುವಿನಲ್ಲಿ ನಾನು ಅವಳಿಗೆ ರಿಗ್ರೆಶನ್ ಹೇಳಿಕೊಡುತ್ತಿದ್ದೆ, ಅವಳು ನನ್ನ ಉತ್ತರಗಳನ್ನು ತಿದ್ದುತ್ತಿದ್ದಳು. ಆ ವರ್ಷ ನನ್ನಲ್ಲಿ ಆದ ಬದಲಾವಣೆ ಎಂದರೆ ಕೇಳುವ ಧೈರ್ಯ ಬಂದದ್ದು. ಗೊತ್ತಿಲ್ಲ ಎಂದು ತರಗತಿಯಲ್ಲಿ ಕೈ ಎತ್ತಿದರೆ ಮರ್ಯಾದೆ ಹೋಗುತ್ತದೆಂದು ತಿಳಿದಿದ್ದವಳು, ಕೇಳಿದ ಮೇಲೆ ಪಕ್ಕದಲ್ಲಿ ಕುಳಿತ ನಾಲ್ವರು "ನಮಗೂ ಗೊತ್ತಿರಲಿಲ್ಲ" ಎಂದದ್ದನ್ನು ಕೇಳಿಸಿಕೊಂಡೆ. ನಿನ್ನ ಜೀವಶಾಸ್ತ್ರದ ತಿಳಿವಳಿಕೆ ನಿನ್ನ ತರಗತಿಯಲ್ಲಿ ಎಷ್ಟೋ ಜನರಿಗೆ ಇರಲಾರದು. ಬಯೋ ಆರ್ಗ್ಯಾನಿಕ್ ಪತ್ರಿಕೆ ಬಂದಾಗ ಅವರು ನಿನ್ನ ಬಳಿ ಬರಲಿ. ನೀನು ಗಣಿತಕ್ಕೆ ಅವರ ಬಳಿ ಹೋಗು.

ಹಾಸ್ಟೆಲ್ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ನಾಲ್ಕನೇ ಸೆಮಿಸ್ಟರಿಗಾದರೂ ತುಮಕೂರಿನಲ್ಲಿ ಉಳಿದುಕೋ. ಬಸ್ಸಿಗೆ ದುಡ್ಡು ಬೇಡವಾದರೂ ದಿನಕ್ಕೆ ನಾಲ್ಕೈದು ಗಂಟೆ ಹೋಗುತ್ತಿದೆ. ಹಿಂದುಳಿದ ವರ್ಗಗಳ ಇಲಾಖೆ ಮತ್ತು ಸಮಾಜ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಬಾಲಕಿಯರ ವಿದ್ಯಾರ್ಥಿನಿಲಯಗಳನ್ನು ವಿಚಾರಿಸು. ಹಿಂದುಳಿದ ವರ್ಗಕ್ಕೆ ಸೇರಿದವಳಾಗಿದ್ದು ಅಲ್ಲಿ ಜಾಗ ಸಿಗದಿದ್ದರೆ ವಿದ್ಯಾಸಿರಿ ಯೋಜನೆಯಿದೆ. ಊಟ ಮತ್ತು ವಸತಿಗೆಂದು ತಿಂಗಳಿಗಿಷ್ಟು ಎಂದು ಹಣ ಕೊಡುತ್ತಾರೆ. ಅರ್ಜಿಯನ್ನು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಸ್‌ಎಸ್‌ಪಿಯಲ್ಲಿ ಹಾಕಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಮೊದಲೇ ಸಿದ್ಧವಿರಲಿ.

ಉತ್ತರ: ತುಮಕೂರಿನ ಆಪ್ತಸಮಾಲೋಚಕಿ

ಹಿರಿಯರು ಓದಿನ ಕ್ರಮದ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಬೆಳಗಿನ ನಾಲ್ಕಕ್ಕೆ ಏಳುವ ಸಲಹೆಯನ್ನು ಈ ಹುಡುಗಿಯ ಪರಿಸ್ಥಿತಿಯಲ್ಲಿ ಒಪ್ಪಲಾರೆ. ರಾತ್ರಿ ಹನ್ನೊಂದಕ್ಕೆ ಮಲಗುವವರು ನಾಲ್ಕಕ್ಕೆ ಎದ್ದರೆ ಐದೇ ಗಂಟೆಯ ನಿದ್ದೆಯಾಗುತ್ತದೆ. ವಯಸ್ಕರಿಗೆ ಕನಿಷ್ಠ ಏಳು ಗಂಟೆ ಬೇಕು. ಹಗಲು ಕಲಿತದ್ದು ನೆನಪಿನಲ್ಲಿ ನೆಲೆಗೊಳ್ಳುವ ಕೆಲಸದ ದೊಡ್ಡ ಪಾಲು ನಿದ್ದೆಯಲ್ಲಿಯೇ ನಡೆಯುವುದರಿಂದ, ನಿದ್ದೆ ಕಡಿದು ಓದುವವರು ಓದಿದ್ದನ್ನೇ ಕಳೆದುಕೊಳ್ಳುತ್ತಾರೆ. ರೆಕಾರ್ಡ್ ಬರೆಯುವುದನ್ನು ಲ್ಯಾಬಿನ ಬಿಡುವಿನಲ್ಲಿ ಮುಗಿಸಿ ಬೇಗ ಮಲಗುವ ವ್ಯವಸ್ಥೆ ಮಾಡಿಕೊಳ್ಳಿ.

ಸೀಟು ಕಣ್ತಪ್ಪಿನಿಂದ ಸಿಕ್ಕಿತೆಂಬ ಭಯವನ್ನು ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ ಎಂಬ ಅಮೆರಿಕದ ಮನೋವಿಜ್ಞಾನಿಗಳು 1978ರಲ್ಲಿಯೇ ವಿವರಿಸಿದ್ದಾರೆ. ಅವರು ಅದನ್ನು ಕಂಡದ್ದು ಓದಿನಲ್ಲಿ ಮುಂದಿದ್ದ, ಸಾಧನೆ ಮಾಡಿದ ಹೆಣ್ಣುಮಕ್ಕಳಲ್ಲಿ ಎಂಬುದನ್ನು ಗಮನಿಸಿ. ಕುಗ್ಗದೆ ನಿಲ್ಲುವ ಶಕ್ತಿಯ ಬಗ್ಗೆ ಬಹಳ ಕಾಲ ನಡೆದ ಇನ್ನೊಂದು ಅಧ್ಯಯನವೂ ನಿಮಗೆ ಸಂಬಂಧಿಸಿದೆ. ಹವಾಯಿಯ ಕೌವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಅವರ ಸಂಗಡಿಗರು ದಶಕಗಳವರೆಗೆ ಅನುಸರಿಸಿ ನೋಡಿದರು. ಬಡತನ, ಮನೆಯ ಕಲಹಗಳಂತಹ ಹಲವು ಕಷ್ಟಗಳ ನಡುವೆ ಬೆಳೆದವರಲ್ಲಿ ಸುಮಾರು ಮೂರನೇ ಒಂದು ಪಾಲು ಸಮರ್ಥರಾಗಿ, ಇತರರನ್ನು ಆದರಿಸುವ ವಯಸ್ಕರಾಗಿ ಬೆಳೆದರು. ಅವರ ಬಾಳಿನಲ್ಲಿ ಪದೇ ಪದೇ ಕಂಡುಬಂದ ಒಂದು ಅಂಶವೆಂದರೆ, ತಾಯಿತಂದೆಯೋ ಅಜ್ಜಿಯೋ ಶಿಕ್ಷಕರೋ, ಎಂದಿಗೂ ಕೈಬಿಡದ ಒಬ್ಬರಾದರೂ ಹಿರಿಯರು ಇದ್ದದ್ದು. ನಿಮಗೆ ಅಪ್ಪ ಇದ್ದಾರೆ. ಶಿಡ್ಲಘಟ್ಟದ ಅಕ್ಕ ಹೇಳಿದಂತೆ ಅವರೊಂದಿಗೆ ಮಾತನಾಡುವುದು ಓದಿನಷ್ಟೇ ಮುಖ್ಯವಾದ ಕೆಲಸ.

ಇನ್ನು ದಣಿವಿನ ಪ್ರಶ್ನೆ. ಮೊದಲು ರಕ್ತಪರೀಕ್ಷೆ ಮಾಡಿಸಿ; ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ಅದನ್ನು ರಕ್ತಹೀನತೆ ಎನ್ನುತ್ತಾರೆ, ಥೈರಾಯ್ಡ್ ತೊಂದರೆಯಲ್ಲಿಯೂ ಇಂತಹ ದಣಿವು ಬರುತ್ತದೆ. ಇವು ನಮ್ಮ ಹೆಣ್ಣುಮಕ್ಕಳಲ್ಲಿ ಸಾಮಾನ್ಯ, ಔಷಧಿಯೂ ಸುಲಭ. ಮನಸ್ಸಿನ ಕುಗ್ಗುವಿಕೆ, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು ಎರಡು ವಾರಕ್ಕೂ ಹೆಚ್ಚು ಕಾಲ ಬಹುತೇಕ ದಿನವೂ ಇದ್ದು, ಜೊತೆಗೆ ನಿದ್ದೆ ಅಥವಾ ಹಸಿವು ಕೆಟ್ಟಿದ್ದರೆ ತೋರಿಸಲೇಬೇಕು. ಬದುಕು ಬೇಡವೆಂಬ ಆಲೋಚನೆ ಒಮ್ಮೆ ಬಂದರೂ ಎರಡು ವಾರ ಕಾಯಬೇಡಿ, ಅಂದೇ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಇದು 2022ರ ಅಕ್ಟೋಬರ್ 10ರಂದು ಆರಂಭವಾಯಿತು, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ತುಮಕೂರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೂ ಹೋಗಬಹುದು. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರದಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ಯಾವ ಮಂಗಳವಾರ ಎಂಬುದನ್ನು ಮಧುಗಿರಿ ಆಸ್ಪತ್ರೆಯಲ್ಲಿಯೇ ಕೇಳಿ.

ಉತ್ತರ: ವಸಂತನರಸಾಪುರದ ಲ್ಯಾಬ್ ಉದ್ಯೋಗಿ

ನಾನೂ ರಸಾಯನಶಾಸ್ತ್ರದವನೇ, ವಸಂತನರಸಾಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಗುಣಮಟ್ಟ ಪರೀಕ್ಷೆಯ ವಿಭಾಗದಲ್ಲಿದ್ದೇನೆ. ಬಿ.ಎಡ್. ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಈಗ ಬಿಟ್ಟು ಬಿ.ಎಡ್. ಮಾಡಿದರೆ ಎರಡು ವರ್ಷ ಹಿಡಿಯುತ್ತದೆ, ಪ್ರೌಢಶಾಲೆಯವರೆಗಿನ ಹುದ್ದೆಗಳಿಗೆ ದಾರಿಯಾಗುತ್ತದೆ. ಎಂ.ಎಸ್ಸಿ.ಯನ್ನು ಶೇ. 55ಕ್ಕೆ ಕಡಿಮೆಯಾಗದಂತೆ ಮುಗಿಸಿ ಆಮೇಲೆ ಬಿ.ಎಡ್. ಮಾಡಿದರೆ ಪದವಿಪೂರ್ವ ಕಾಲೇಜಿನ ಉಪನ್ಯಾಸಕ ಹುದ್ದೆಗೂ ಅರ್ಜಿ ಹಾಕಬಹುದು. ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ಎನ್‌ಇಟಿ ಅಥವಾ ಕೆ-ಸೆಟ್ ಆದರೆ ಪದವಿ ಕಾಲೇಜಿನ ದಾರಿಯೂ ತೆರೆಯುತ್ತದೆ. ಕಾರ್ಖಾನೆಗಳ ಲ್ಯಾಬಿನಲ್ಲಿ ನಮ್ಮನ್ನು ಕೇಳುವುದು ಟೈಟ್ರೇಶನ್, ಎಚ್‌ಪಿಎಲ್‌ಸಿ (ಮಿಶ್ರಣವನ್ನು ಬೇರ್ಪಡಿಸಿ ಅಳೆಯುವ ಯಂತ್ರ), ಯುವಿ (ಬೆಳಕಿನ ಹೀರಿಕೆ ಅಳೆಯುವ ಯಂತ್ರ) ಉಪಕರಣಗಳ ಮೇಲಿನ ಕೈಚಳಕವನ್ನು. ಕ್ವಾಂಟಮ್ ಪತ್ರಿಕೆಯಲ್ಲಿ ಹತ್ತು ಅಂಕ ಕಡಿಮೆ ಬಂದದ್ದನ್ನು ಸಂದರ್ಶನದಲ್ಲಿ ನನ್ನನ್ನು ಯಾರೂ ಕೇಳಲಿಲ್ಲ. ಇನ್ನು ಉಳಿದಿರುವುದು ಒಂದೂವರೆ ಸೆಮಿಸ್ಟರ್. ಮುಗಿಸಿ ಎಂಬುದೇ ನನ್ನ ಸಲಹೆ. ಆದರೆ ವೈದ್ಯರು ವಿಶ್ರಾಂತಿ ಬೇಕೆಂದರೆ ಒಂದೆರಡು ಪತ್ರಿಕೆಗಳನ್ನು ಮುಂದಿನ ಪರೀಕ್ಷೆಗೆ ಉಳಿಸಿಕೊಳ್ಳಲು ಹಿಂಜರಿಯಬೇಡಿ. ನನ್ನ ಜೊತೆ ಕೆಲಸ ಮಾಡುವವರಲ್ಲಿ ಹಾಗೆ ಮುಗಿಸಿದವರಿದ್ದಾರೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಸಾರೆ ವಂದನೆಗಳು. ಅಕ್ಕ, ನೀವು ಹೇಳಿದಂತೆ ಪರೀಕ್ಷೆ ಮತ್ತು ಲ್ಯಾಬಿನ ದಿನಗಳನ್ನು ಬರೆದು ಅಪ್ಪ ಅಮ್ಮನ ಜೊತೆ ಮಾತನಾಡಿದೆ. ಅಮ್ಮ ಬಹಳ ಹೊತ್ತು ಏನೂ ಹೇಳಲಿಲ್ಲ, ಆಮೇಲೆ "ಇಷ್ಟೆಲ್ಲ ಇದೆ ಅಂತ ಮೊದಲೇ ಹೇಳಬಾರದಾಗಿತ್ತೇನೇ" ಎಂದರು. ಹಾಸ್ಟೆಲ್ ವಿಚಾರಿಸಲು ಅಪ್ಪನೇ ನನ್ನೊಂದಿಗೆ ತುಮಕೂರಿಗೆ ಬರುತ್ತಾರೆ. ರಕ್ತಪರೀಕ್ಷೆಯನ್ನೂ ಅದೇ ದಿನ ಮಾಡಿಸುತ್ತೇನೆ. ಮೇಡಂ, ಬದುಕು ಬೇಡವೆಂಬ ಆಲೋಚನೆ ನನಗೆ ಬಂದಿಲ್ಲ, ಆದರೂ ಆ ಸಂಖ್ಯೆಯನ್ನು ಬರೆದಿಟ್ಟುಕೊಂಡಿದ್ದೇನೆ, ತರಗತಿಯ ಗುಂಪಿಗೂ ಕಳುಹಿಸಿದ್ದೇನೆ.

ಸರ್, ನಿಮಗೆ ಇನ್ನೊಂದು ಪ್ರಶ್ನೆ. ನಾಲ್ಕನೇ ಸೆಮಿಸ್ಟರಿನ ಪ್ರಾಜೆಕ್ಟ್ ವಿಷಯವನ್ನು ಈಗಲೇ ಸೂಚಿಸಬೇಕೆಂದು ನಮ್ಮ ಗೈಡ್ ಹೇಳಿದ್ದಾರೆ. ಸಹಪಾಠಿಗಳು ನ್ಯಾನೋ ಪದಾರ್ಥಗಳು, ಔಷಧ ಅಣುಗಳು ಎಂದು ಬರೆಯುತ್ತಿದ್ದಾರೆ. ನಮ್ಮ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದು, ಹಲ್ಲಿನ ಮೇಲೆ ಕಂದು ಪಟ್ಟೆಯಿರುವ ಮಕ್ಕಳು ನಮ್ಮೂರಿನಲ್ಲಿಯೂ ಇದ್ದಾರೆ. ಅದನ್ನೇ ತೆಗೆದುಕೊಳ್ಳಬೇಕೆಂಬ ಆಸೆಯಿದೆ. ಅದು ಎಂ.ಎಸ್ಸಿ. ಮಟ್ಟದ ಕೆಲಸವಾಗುತ್ತದೆಯೇ, ಹಳೆಯ ವಿಷಯವೆಂದು ತಳ್ಳಿಹಾಕುವರೇ?

ಉತ್ತರ: ಕೋಲಾರದ ನಿವೃತ್ತ ಉಪನ್ಯಾಸಕ

ನಿದ್ದೆಯ ವಿಷಯದಲ್ಲಿ ಮೇಡಂ ಹೇಳಿದ್ದೇ ಸರಿ, ಅದನ್ನೇ ಪಾಲಿಸಿ ತಾಯೀ.

ನಿಮ್ಮ ಪ್ರಾಜೆಕ್ಟ್ ವಿಷಯ ಕೇಳಿ ಸಂತೋಷವಾಯಿತು. ಖಂಡಿತ ಎಂ.ಎಸ್ಸಿ. ಮಟ್ಟದ ಕೆಲಸವೇ. ಪಾವಗಡ, ಶಿರಾ, ಮಧುಗಿರಿಯ ಅಂತರ್ಜಲದಂತೆಯೇ ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ನೀರಿನಲ್ಲಿಯೂ ಈ ತೊಂದರೆಯಿದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಎನ್ನುತ್ತದೆ ಭಾರತೀಯ ಮಾನಕ 10500. ಕಣಶಿಲೆ (ಗ್ರಾನೈಟ್) ಮತ್ತು ನೈಸ್ ಬಂಡೆಗಳಲ್ಲಿರುವ ಫ್ಲೋರೈಟ್, ಅಪಟೈಟ್ ಮುಂತಾದ ಖನಿಜಗಳಿಂದ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ನೀರಿನಲ್ಲಿ ಬೈಕಾರ್ಬೊನೇಟ್ ಹೆಚ್ಚಿದ್ದು ಕ್ಯಾಲ್ಸಿಯಂ ಕಡಿಮೆಯಿದ್ದರೆ ಅದು ಇನ್ನಷ್ಟು ಕರಗಿ ಉಳಿಯುತ್ತದೆ. ಆದ್ದರಿಂದ ಫ್ಲೋರೈಡ್ ಒಂದನ್ನೇ ಅಳೆದು ನಿಲ್ಲಿಸದೆ ಪಿಎಚ್, ಕ್ಯಾಲ್ಸಿಯಂ, ಒಟ್ಟು ಗಡಸುತನ, ಬೈಕಾರ್ಬೊನೇಟ್‌ಗಳನ್ನೂ ಅಳೆದು ಅವುಗಳ ಸಂಬಂಧ ತೋರಿಸಿದರೆ ಕೆಲಸಕ್ಕೆ ತೂಕ ಬರುತ್ತದೆ. ಪಿಎಚ್‌ಗೆ ಮೀಟರ್ ಬೇಕು, ಉಳಿದವು ನಿಮ್ಮ ಲ್ಯಾಬಿನ ಟೈಟ್ರೇಶನ್‌ನಲ್ಲಿಯೇ ಆಗುವಂಥವು.

ಫ್ಲೋರೈಡ್ ಅಳೆಯಲು ಎರಡು ದಾರಿಗಳಿವೆ. ಲ್ಯಾಂಥನಮ್ ಫ್ಲೋರೈಡ್ ಹರಳಿನ ಅಯಾನ್ ಸೆಲೆಕ್ಟಿವ್ ಎಲೆಕ್ಟ್ರೋಡ್ (ಫ್ಲೋರೈಡ್ ಅಯಾನಿಗೆ ಮಾತ್ರ ಸ್ಪಂದಿಸುವ ಕಡ್ಡಿ) ಇದ್ದರೆ ಅದು ಉತ್ತಮ. ಜೊತೆಗೆ ಟಿಸ್ಯಾಬ್ ಬಫರ್ ಸೇರಿಸಬೇಕು, ಅದು ಪಿಎಚ್ ಅನ್ನು ಐದರಿಂದ ಐದೂವರೆಯ ಆಸುಪಾಸಿನಲ್ಲಿ ಹಿಡಿದಿಟ್ಟು, ಅಲ್ಯುಮಿನಿಯಂ ಮತ್ತು ಕಬ್ಬಿಣಕ್ಕೆ ಅಂಟಿಕೊಂಡ ಫ್ಲೋರೈಡನ್ನು ಬಿಡಿಸುತ್ತದೆ. ಎಲೆಕ್ಟ್ರೋಡ್ ಇಲ್ಲದಿದ್ದರೆ ಸ್ಪ್ಯಾಡ್ನ್ಸ್ ಎಂಬ ಬಣ್ಣವನ್ನು ಬಳಸುವ ವಿಧಾನವಿದೆ. ಜಿರ್ಕೋನಿಯಂ ಮತ್ತು ಬಣ್ಣದ ಸಂಯುಕ್ತದಿಂದ ಫ್ಲೋರೈಡ್ ಜಿರ್ಕೋನಿಯಂ ಅನ್ನು ಕಿತ್ತುಕೊಂಡು ಬಣ್ಣವನ್ನು ಮಸುಕು ಮಾಡುತ್ತದೆ, ಅದನ್ನು 570 ನ್ಯಾನೋಮೀಟರಿನಲ್ಲಿ ಓದುತ್ತೀರಿ. ಸ್ಪೆಕ್ಟ್ರೋಸ್ಕೋಪಿಯ ಪಾಠವೂ ಇದರಲ್ಲಿಯೇ ಬಂತು. ನಿಮ್ಮೂರಿನ ಶುದ್ಧ ನೀರಿನ ಘಟಕದ ಒಳಹರಿವು ಮತ್ತು ಹೊರಹರಿವಿನ ಮಾದರಿಗಳನ್ನೂ ಸೇರಿಸಿ. ಫಲಿತಾಂಶವನ್ನು ಗೈಡ್ ಒಪ್ಪಿದ ಮೇಲೆ ಗ್ರಾಮ ಪಂಚಾಯಿತಿಗೆ ಒಂದು ಪ್ರತಿ ಕೊಡಿ. ವೈವಾದಲ್ಲಿ ಯಾರೇ ಪ್ರಶ್ನೆ ಕೇಳಿದರೂ ಆ ನೀರಿನ ಬಗ್ಗೆ ನಿಮ್ಮಷ್ಟು ತಿಳಿದವರು ಆ ಕೋಣೆಯಲ್ಲಿ ಇರುವುದಿಲ್ಲ.

ಮಾದರಿಗಳನ್ನು ತೊಳೆದ ಪಾಲಿಥೀನ್ ಬಾಟಲಿಯಲ್ಲಿಯೇ ಹಿಡಿಯಿರಿ, ಗಾಜಿನದು ಬೇಡ. ಪಂಪು ಕೆಲವು ನಿಮಿಷ ಓಡಿದ ಮೇಲೆ, ಅದೇ ನೀರಿನಿಂದ ಬಾಟಲಿಯನ್ನು ಜಾಲಿಸಿ ತುಂಬಿಸಿ. ಕೊಳವೆಬಾವಿಯ ಆಳವನ್ನು ಜಮೀನಿನವರಿಂದ ಕೇಳಿ, ಸ್ಥಳ ಮತ್ತು ದಿನಾಂಕದೊಂದಿಗೆ ಅಲ್ಲಿಯೇ ನಿಂತು ಬಾಟಲಿಯ ಮೇಲೆ ಬರೆಯಿರಿ. ಮನೆಗೆ ಹೋಗಿ ಬರೆಯುತ್ತೇನೆಂದರೆ ಮಾದರಿಗಳು ಅದಲುಬದಲಾಗುತ್ತವೆ.